ಮಾತಿನ ಧಾಟಿ: ಗಡಿನಾಡ ಕನ್ನಡಿಗರ ಓದು ಮತ್ತು ಉದ್ಯೋಗದ ಮೇಲೆ ಅದರ ಪರಿಣಾಮ

ಒಂದೇ ಭಾಷೆಯನ್ನು ಬೇರೆ ಬೇರೆ ಸೀಮೆಯ ಜನ ಬೇರೆ ಬೇರೆ ಉಚ್ಚಾರ ಮತ್ತು ಏರಿಳಿತದಲ್ಲಿ ಆಡುವುದಕ್ಕೆ ಮಾತಿನ ಧಾಟಿ ಎನ್ನುತ್ತಾರೆ. ಧಾಟಿಯಿಲ್ಲದ ಮಾತು ಯಾವ ಭಾಷೆಯಲ್ಲೂ ಇಲ್ಲ. ಆದರೆ ಗಡಿನಾಡಿನಲ್ಲಿ ಇದು ಎರಡು ಬದಿಯ ಸಮಸ್ಯೆಯಾಗಿ ಕಾಡುತ್ತದೆ. ಮಂಜೇಶ್ವರದ ವಿದ್ಯಾರ್ಥಿ ತಿರುವನಂತಪುರಕ್ಕೆ ಹೋದರೆ ಅವನ ಮಲಯಾಳದಲ್ಲಿ ಕನ್ನಡ, ತುಳು ಕೇಳಿಸುತ್ತದೆ ಎನ್ನುತ್ತಾರೆ. ಬೆಂಗಳೂರಿಗೆ ಹೋದರೆ ಅವನ ಕನ್ನಡ ನಮ್ಮ ಕಡೆಯದಲ್ಲ ಎನ್ನುತ್ತಾರೆ. ಅಕ್ಕಲಕೋಟೆಯ ವಿದ್ಯಾರ್ಥಿನಿ ಪುಣೆಯಲ್ಲಿ 'ಕಾನಡಿ' ಎನಿಸಿಕೊಳ್ಳುತ್ತಾಳೆ; ಮೈಸೂರಿನಲ್ಲಿ ಅವಳ ಮಾತು ಒರಟು ಎನಿಸಿಕೊಳ್ಳುತ್ತದೆ. ಶಾಲೆಯಲ್ಲಿ ಬಾಯಿ ತೆರೆಯಲು ಹಿಂಜರಿಯುವುದು, ಸಂದರ್ಶನ ಇರುವ ಕೆಲಸಕ್ಕೆ ಅರ್ಜಿಯನ್ನೇ ಹಾಕದಿರುವುದು ಇದರ ಫಲ.

ಧಾಟಿ ಬೇರೆ, ತಪ್ಪು ಬೇರೆ. ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದ ಆಗುವ ನಷ್ಟವೇ ಹೆಚ್ಚಿನದು. ಓದು ಮತ್ತು ಉದ್ಯೋಗದ ಯಾವ ಹಂತದಲ್ಲಿ ಧಾಟಿ ಲೆಕ್ಕಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ, ಎಲ್ಲಿ ಅದೇ ಅನುಕೂಲವಾಗುತ್ತದೆ ಎಂಬುದರ ವಿವರ ಇಲ್ಲಿದೆ.

ಧಾಟಿ, ಆಡುನುಡಿ ಮತ್ತು ಶಿಷ್ಟ ಕನ್ನಡ

ಉಚ್ಚಾರ ಮತ್ತು ಏರಿಳಿತಕ್ಕೆ ಸೀಮಿತವಾದದ್ದು ಧಾಟಿ. ಪದಗಳು, ವಿಭಕ್ತಿ ಮತ್ತು ಕ್ರಿಯಾಪದದ ರೂಪಗಳೂ ಬೇರೆಯಾದಾಗ ಅದು ಆಡುನುಡಿ ಅಥವಾ ಉಪಭಾಷೆ. ಪಠ್ಯಪುಸ್ತಕ, ಪತ್ರಿಕೆ, ಸರ್ಕಾರಿ ಆದೇಶಗಳಲ್ಲಿ ಬಳಕೆಯಾಗುವುದು ಶಿಷ್ಟ ಕನ್ನಡ. 'ನಾನು ಮಾಡುತ್ತಿದ್ದೇನೆ' ಎಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಬೆಂಗಳೂರು, ಮೈಸೂರಿನವರು 'ಮಾಡ್ತಾ ಇದೀನಿ' ಎನ್ನುತ್ತಾರೆ, ಧಾರವಾಡ, ವಿಜಯಪುರದ ಕಡೆ 'ಮಾಡಾಕತ್ತೀನಿ' ಎನ್ನುತ್ತಾರೆ. ಎರಡೂ ಬರಹದ ರೂಪವಲ್ಲ. ಶಿಷ್ಟ ಕನ್ನಡವನ್ನು ಎಲ್ಲ ಮಕ್ಕಳೂ ಶಾಲೆಯಲ್ಲೇ ಕಲಿಯುತ್ತಾರೆ. ಕೆಲವರ ಮನೆಮಾತು ಅದಕ್ಕೆ ಹತ್ತಿರ, ಕೆಲವರದು ದೂರ, ಅಷ್ಟೇ ವ್ಯತ್ಯಾಸ.

ಯಾವ ಗಡಿಯಲ್ಲಿ ಯಾವ ಧಾಟಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ: ಇಲ್ಲಿನದು ಉತ್ತರದ ಕನ್ನಡ. ಪದದ ಕೊನೆಯ 'ಎ'ಕಾರ 'ಇ'ಕಾರವಾಗುತ್ತದೆ. ಮನೆ 'ಮನಿ' ಆಗುತ್ತದೆ, ಶಾಲೆ 'ಸಾಲಿ' ಆಗುತ್ತದೆ. 'ಮನೆಯಲ್ಲಿ' ಎಂಬುದು 'ಮನ್ಯಾಗ' ಆಗುತ್ತದೆ. ಗೌರವಕ್ಕೆ 'ರೀ' ಸೇರುತ್ತದೆ. ಪಗಾರ, ಬರೋಬರಿ, ಚಾಲೂ ಮುಂತಾದ ಪದಗಳು ಮರಾಠಿಯೊಂದಿಗೆ ಹಂಚಿಕೊಂಡಂಥವು.

ತಾಳವಾಡಿ: ಇಲ್ಲಿನ ಮಾತು ಚಾಮರಾಜನಗರದ ಮಾತಿಗೆ ಹತ್ತಿರ. ಪದದ ಮೊದಲಿನ 'ಹ'ಕಾರ ಬಿದ್ದುಹೋಗಿ ಹಾಲು 'ಆಲು' ಆಗುತ್ತದೆ, ಹಳ್ಳಿ 'ಅಳ್ಳಿ' ಆಗುತ್ತದೆ. 'ಬರುತ್ತೇನೆ' ಎಂಬುದು 'ಬತ್ತೀನಿ' ಆಗುತ್ತದೆ. ಹೊಸೂರಿನ ಕಡೆ ಕನ್ನಡದ ಜೊತೆ ತೆಲುಗು, ತಮಿಳು ಎರಡೂ ನಿತ್ಯದ ಬಳಕೆಯಲ್ಲಿವೆ.

ಕಾಸರಗೋಡು: ಇಲ್ಲಿ ಅನೇಕರಿಗೆ ಕನ್ನಡ ಶಾಲೆ, ದೇವಸ್ಥಾನ, ಯಕ್ಷಗಾನ ಮತ್ತು ಪತ್ರಿಕೆಯ ಭಾಷೆ. ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಹವ್ಯಕ ಕನ್ನಡ. ಆದ್ದರಿಂದ ಇಲ್ಲಿನವರು ಆಡುವ ಕನ್ನಡ ಬರಹಕ್ಕೆ ಹತ್ತಿರವಿದ್ದು, 'ಇದೆ' ಎನ್ನುವಲ್ಲಿ 'ಉಂಟು' ಎನ್ನುವಂಥ ಕರಾವಳಿಯ ಗುರುತುಗಳನ್ನು ಉಳಿಸಿಕೊಂಡಿದೆ.

ಆದೋನಿ, ರಾಯದುರ್ಗ: ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದವು. ಆಡಳಿತದ ಗೆರೆ ಅಂದು ಬದಲಾದರೂ ಮಾತಿನ ಧಾಟಿ ಬಳ್ಳಾರಿ ಸೀಮೆಯದಾಗಿಯೇ ಉಳಿಯಿತು.

ನೀಲಗಿರಿ: ಇಲ್ಲಿನ ಬಡಗ ಮಾತನ್ನು ಭಾರತದ ಜನಗಣತಿ ಕನ್ನಡದ ಅಡಿಯಲ್ಲಿ ಲೆಕ್ಕ ಹಾಕುತ್ತದೆ. ಅನೇಕ ಭಾಷಾವಿಜ್ಞಾನಿಗಳು ಅದನ್ನು ಸ್ವತಂತ್ರ ಭಾಷೆ ಎನ್ನುತ್ತಾರೆ.

ಈ ಪಟ್ಟಿಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಕಾಸರಗೋಡಿನ ಕನ್ನಡವನ್ನು 'ಪುಸ್ತಕದ ಭಾಷೆ' ಎಂದು ನಗುತ್ತಾರೆ, ಜತ್ತದ ಕನ್ನಡವನ್ನು 'ಪುಸ್ತಕದಲ್ಲಿಲ್ಲದ ಭಾಷೆ' ಎಂದು ನಗುತ್ತಾರೆ. ಬರಹಕ್ಕೆ ಹತ್ತಿರವಿದ್ದರೂ ನಗು, ದೂರವಿದ್ದರೂ ನಗು ಎಂದಾದರೆ ದೋಷ ಆಡುವವರ ಮಾತಿನಲ್ಲಿಲ್ಲ, ಕೇಳುವವರ ರೂಢಿಯಲ್ಲಿದೆ ಎಂದೇ ಅರ್ಥ.

ಬೆರಕೆ ಮಾತು ಕೆಟ್ಟ ಮಾತೇ?

ಗಡಿ ಮಾತಿನ ಬಗ್ಗೆ ಜಗತ್ತಿನ ಭಾಷಾವಿಜ್ಞಾನಿಗಳು ಇಂದಿಗೂ ಉದಾಹರಿಸುವ ಅಧ್ಯಯನವೊಂದು ನಡೆದದ್ದು ನಮ್ಮದೇ ಗಡಿಯಲ್ಲಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯ ಕನ್ನಡ, ಮರಾಠಿ, ಉರ್ದು ಮತ್ತು ತೆಲುಗು ಮಾತುಗಳ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಲೇಖನ ಪ್ರಕಟಿಸಿದರು. ತಲೆಮಾರುಗಳಿಂದ ಒಟ್ಟಿಗೆ ಬಾಳಿದ ಜನರ ಮಾತಿನಲ್ಲಿ ಪದಗಳು ಬೇರೆ ಬೇರೆಯಾಗಿ ಉಳಿದಿದ್ದರೂ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿತ್ತು. ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದ ಬದಲಿಸಿ ಇನ್ನೊಂದು ಭಾಷೆಗೆ ತರಬಹುದಿತ್ತು.

ಪ್ರತಿ ಮನೆಯವರೂ ತಮ್ಮ ಮಾತನ್ನು ಬಿಡದೆ ನೆರೆಯವರೊಂದಿಗೆ ಸಲೀಸಾಗಿ ವ್ಯವಹರಿಸಲು ಕಂಡುಕೊಂಡ ದಾರಿ ಅದು. ಗಡಿನಾಡಿನ ಮಾತು ಹೀಗೆ ತನ್ನದೇ ನಿಯಮಗಳಿರುವ ಮಾತು. ಅದು ಕಲಿಕೆಯ ಕೊರತೆಯಿಂದ ಹುಟ್ಟಿದ್ದಲ್ಲ.

ಶಾಲೆಯಲ್ಲಿ ಏನಾಗುತ್ತದೆ

ಧಾಟಿಯ ಪರಿಣಾಮ ಹೆಚ್ಚು ಕಾಣುವುದು ಶಾಲೆಯ ಮೊದಲ ವರ್ಷಗಳಲ್ಲಿ. ಉತ್ತರ ಗೊತ್ತಿರುವ ಮಗು ಮನೆಯ ಮಾತಿನಲ್ಲಿ ಉತ್ತರಿಸುತ್ತದೆ. ಶಿಕ್ಷಕರು ಉತ್ತರ ಸರಿಯೇ ಎಂದು ಹೇಳುವ ಮೊದಲು ಉಚ್ಚಾರ ತಿದ್ದುತ್ತಾರೆ, ತರಗತಿ ನಗುತ್ತದೆ. ಮುಂದಿನ ಸಲ ಮಗು ಕೈ ಎತ್ತುವುದಿಲ್ಲ. ಮಾತಾಡದ ಮಗುವಿಗೆ ಏನು ಅರ್ಥವಾಗಿದೆ, ಏನು ಆಗಿಲ್ಲ ಎಂಬುದು ಶಿಕ್ಷಕರಿಗೂ ತಿಳಿಯದೆ ಹೋಗುತ್ತದೆ.

ಓದಿಸುವಾಗಲೂ ಗೊಂದಲವಾಗುತ್ತದೆ. ಪುಸ್ತಕದಲ್ಲಿರುವ 'ಶಾಲೆ' ಎಂಬ ಪದವನ್ನು ಮಗು 'ಸಾಲಿ' ಎಂದು ಓದಿದರೆ ಅದಕ್ಕೆ ಅಕ್ಷರ ಗೊತ್ತಿದೆ, ಅರ್ಥವೂ ಆಗಿದೆ. ತನ್ನ ಧಾಟಿಯಲ್ಲಿ ಹೇಳಿದೆ ಅಷ್ಟೇ. ಅದೇ ಪದವನ್ನು 'ಮಾಲೆ' ಎಂದು ಓದಿದರೆ ಅದು ನಿಜವಾದ ತಪ್ಪು. ಮೊದಲನೆಯ ಮಗುವಿಗೆ ಬೇಕಾದದ್ದು ಪ್ರೋತ್ಸಾಹ, ಎರಡನೆಯ ಮಗುವಿಗೆ ಅಕ್ಷರದ ಅಭ್ಯಾಸ. ಇಬ್ಬರನ್ನೂ 'ಓದಲು ಬಾರದವರು' ಎಂದು ಒಂದೇ ಸಾಲಿನಲ್ಲಿ ಕೂರಿಸಿದರೆ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ.

ಬರವಣಿಗೆಯ ವಿಷಯ ಬೇರೆ. ಮಾತಿನ ಧಾಟಿ ಬರಹಕ್ಕೆ ಇಳಿದಾಗ ಅರ್ಥವೇ ಬದಲಾಗಬಹುದು. 'ಹಕ್ಕಿ' ಎಂದು ಬರೆಯಬೇಕಾದಲ್ಲಿ 'ಅಕ್ಕಿ' ಎಂದು ಬರೆದರೆ ಅಂಕ ಹೋಗುತ್ತದೆ. ಭ, ಧ, ಶ, ಷ ಅಕ್ಷರಗಳನ್ನು ಬ, ದ, ಸ ಎಂದು ಬರೆಯುವುದೂ ಹೀಗೆಯೇ. ಬೈದು ತಿದ್ದಿದರೆ ಮಕ್ಕಳು ಅಗತ್ಯವಿಲ್ಲದ ಕಡೆಯೂ 'ಹ' ಸೇರಿಸಿ 'ಹಾದ್ದರಿಂದ' ಎಂದು ಬರೆಯತೊಡಗುತ್ತಾರೆ. ಮನೆಯ ರೂಪ ಮತ್ತು ಬರಹದ ರೂಪವನ್ನು ಎರಡು ಸಾಲಿನಲ್ಲಿ ಎದುರು ಬದುರು ಬರೆಸಿ, 'ಹೀಗೆ ಮಾತಾಡುತ್ತೇವೆ, ಹೀಗೆ ಬರೆಯುತ್ತೇವೆ' ಎಂದು ತೋರಿಸಿದರೆ ಮಕ್ಕಳಿಗೆ ವ್ಯತ್ಯಾಸ ಬೇಗ ಹಿಡಿಯುತ್ತದೆ.

ಶಿಕ್ಷಕರಿಗೇ ಮಕ್ಕಳ ಭಾಷೆ ಬಾರದಿದ್ದಾಗ ಸಮಸ್ಯೆ ಧಾಟಿಯನ್ನು ಮೀರುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾದಾಗಲೆಲ್ಲ ಪಾಲಕರು ಪ್ರತಿಭಟಿಸಿದ್ದಾರೆ. 2018ರಲ್ಲಿ ತೆರೆಕಂಡ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಚಿತ್ರದ ಮೂಲಕ ಈ ವಿಷಯ ಗಡಿಯಾಚೆಯವರಿಗೂ ತಲುಪಿತು.

ಕಾನೂನು ಏನು ಹೇಳುತ್ತದೆ

1956ರಲ್ಲಿ ಸಂವಿಧಾನದ 7ನೇ ತಿದ್ದುಪಡಿಯ ಮೂಲಕ ಸೇರಿದ 350ಎ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ವ್ಯವಸ್ಥೆಯಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಕಲಿಕೆಯ ಮಾಧ್ಯಮ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಾಗಿರಬೇಕು ಎನ್ನುತ್ತದೆ. ಅದೇ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಾತಿನ ರೀತಿಗಾಗಿ ಮಗುವನ್ನು ತರಗತಿಯಲ್ಲಿ ಪದೇ ಪದೇ ಅವಮಾನಿಸುವುದರ ವಿರುದ್ಧ ಪಾಲಕರು ಈ ಸೆಕ್ಷನ್ ಆಧರಿಸಿ ಶಾಲಾ ಆಡಳಿತದ ಮುಂದೆ ದೂರು ಇಡಬಹುದು.

ರಾಜ್ಯ ಭಾಷೆಗಳ ಕಾನೂನುಗಳೂ ಗಮನದಲ್ಲಿರಬೇಕು. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯನ್ನೂ ಕೇರಳ 2017ರಲ್ಲಿ ಮಲಯಾಳ ಕಲಿಕೆಯನ್ನೂ ಶಾಲೆಗಳಲ್ಲಿ ಕಡ್ಡಾಯಗೊಳಿಸುವ ಕಾಯ್ದೆ ತಂದವು. ಗಡಿನಾಡಿನ ಮಗು ಎರಡು ಲಿಪಿ, ಎರಡು ಶಿಷ್ಟ ಭಾಷೆ ಮತ್ತು ಇಂಗ್ಲಿಷನ್ನು ಒಟ್ಟಿಗೆ ನಿಭಾಯಿಸಬೇಕಾಗಿದೆ.

ಲಿಖಿತ ಪರೀಕ್ಷೆಗೆ ಧಾಟಿ ಅಡ್ಡಿಯಲ್ಲ

ಧಾಟಿಯ ಭಯದಿಂದ ಅರ್ಜಿ ಹಾಕದವರು ಮೊದಲು ತಿಳಿಯಬೇಕಾದ ಅಂಶ, ಹೆಚ್ಚಿನ ಆಯ್ಕೆಗಳ ಮೊದಲ ಬಾಗಿಲು ಲಿಖಿತ ಪರೀಕ್ಷೆ. ಅಲ್ಲಿ ಧಾಟಿ ಯಾರಿಗೂ ಕೇಳಿಸುವುದಿಲ್ಲ.

ಕರ್ನಾಟಕದ ವೃತ್ತಿಪರ ಕೋರ್ಸ್‌ಗಳ ಪ್ರವೇಶಕ್ಕೆ ಹೊರನಾಡು ಮತ್ತು ಗಡಿನಾಡು ಕನ್ನಡಿಗರ ಪ್ರತ್ಯೇಕ ಅರ್ಹತಾ ನಿಯಮಗಳಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರುವವರಿಗೆ ಇವು ಅನ್ವಯಿಸುತ್ತವೆ. ಗಡಿನಾಡು ವಿಭಾಗದಲ್ಲಿ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಹಾಗೂ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳನ್ನು ಗುರುತಿಸಲಾಗಿದೆ. ಈ ಅಭ್ಯರ್ಥಿಗಳು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಅದು ಬರಹದ ಪರೀಕ್ಷೆ. ಎಷ್ಟು ವರ್ಷ ಎಲ್ಲಿ ಓದಿರಬೇಕು, ಯಾವ ಪ್ರಮಾಣಪತ್ರ ಬೇಕು ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನೋಡಿಕೊಳ್ಳಬೇಕು.

ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗೆಜೆಟೆಡ್ ಅಲ್ಲದ 'ಬಿ' ಗುಂಪು ಹಾಗೂ 'ಸಿ' ಗುಂಪಿನ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿತು. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ 2019ರಲ್ಲಿ ಪ್ರಕಟವಾಯಿತು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಕಾಗುಣಿತ ಮತ್ತು ವ್ಯಾಕರಣ ಸರಿಯಾಗಿದ್ದರೆ ಇಂಥ ಪರೀಕ್ಷೆಗಳಲ್ಲಿ ಅಭ್ಯರ್ಥಿಯ ಊರು ಯಾವುದೆಂಬುದು ಉತ್ತರಪತ್ರಿಕೆಯಲ್ಲಿ ಕಾಣುವುದಿಲ್ಲ.

ಸಂದರ್ಶನದಲ್ಲಿ ಧಾಟಿಯ ಪಾತ್ರ

ಖಾಸಗಿ ಸಂಸ್ಥೆಗಳು, ಅಂಗಡಿ ಮಳಿಗೆಗಳು, ಆಸ್ಪತ್ರೆಯ ಸ್ವಾಗತ ವಿಭಾಗ, ಫೋನ್ ಮೂಲಕ ಗ್ರಾಹಕ ಸೇವೆ, ಟಿವಿ ವಾಚನ ಮುಂತಾದ ಕಡೆ ಮಾತನ್ನು ಕೇಳಿಯೇ ಆಯ್ಕೆ ನಡೆಯುತ್ತದೆ. ಕೇಳುವವರ ತೀರ್ಮಾನ ಹೇಗೆ ರೂಪುಗೊಳ್ಳುತ್ತದೆ ಎಂಬುದಕ್ಕೆ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ನಡೆಸಿ 1960ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರಾಗಿದೆ. ಎರಡು ಭಾಷೆ ಬಲ್ಲವರಿಂದ ಒಂದೇ ಪಾಠವನ್ನು ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಫ್ರೆಂಚಿನಲ್ಲಿ ಓದಿಸಿ ಧ್ವನಿಮುದ್ರಿಸಲಾಯಿತು. ಎರಡೂ ಒಬ್ಬರದೇ ಧ್ವನಿ ಎಂದು ತಿಳಿಯದ ಕೇಳುಗರು ಇಂಗ್ಲಿಷ್ ಧ್ವನಿಗೆ ಹೆಚ್ಚು ಜಾಣತನ, ಹೆಚ್ಚು ವಿಶ್ವಾಸಾರ್ಹತೆ ಇದೆ ಎಂದರು. ಫ್ರೆಂಚ್ ಮಾತೃಭಾಷೆಯ ಕೇಳುಗರೂ ಫ್ರೆಂಚ್ ಧ್ವನಿಗೆ ಕಡಿಮೆ ಅಂಕ ಕೊಟ್ಟರು. ಕೀಳರಿಮೆ ಆಡುವವರಲ್ಲೂ ಬೇರೂರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಪ್ರಸಂಗವನ್ನು ಕುಪ್ವಾರ್ ಅಧ್ಯಯನದ ಗಂಪರ್ಜ್ ಅವರೇ 1982ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಬ್ರಿಟನ್ನಿನ ವಿಮಾನ ನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿಗೆ ಹೊಸದಾಗಿ ಸೇರಿದ್ದ ಭಾರತ, ಪಾಕಿಸ್ತಾನ ಮೂಲದ ಮಹಿಳೆಯರು ಒರಟರು ಎಂಬ ದೂರಿತ್ತು. ಮಾಂಸದ ಊಟಕ್ಕೆ ಗ್ರೇವಿ ಹಾಕಲೇ ಎಂದು ಕೇಳುವಾಗ ಅವರು 'ಗ್ರೇವಿ' ಎಂಬ ಪದವನ್ನು ಕೊನೆಯಲ್ಲಿ ಸ್ವರ ಇಳಿಸಿ ಹೇಳುತ್ತಿದ್ದರು. ಅಲ್ಲಿನವರಿಗೆ ಅದು ಪ್ರಶ್ನೆಯಂತೆ ಕೇಳದೆ 'ಇದು ಗ್ರೇವಿ, ಬೇಕಾದರೆ ತಗೋ' ಎಂಬಂತೆ ಕೇಳುತ್ತಿತ್ತು. ಧ್ವನಿಮುದ್ರಿಕೆಯನ್ನು ಕೇಳಿಸಿ ಚರ್ಚಿಸಿದ ಮೇಲೆ ಎರಡೂ ಕಡೆಯವರಿಗೆ ತಪ್ಪು ತಿಳುವಳಿಕೆಯ ಮೂಲ ಗೊತ್ತಾಯಿತು. ಪದ ಸರಿಯಿದ್ದರೂ ಏರಿಳಿತದಿಂದ ಮನುಷ್ಯನ ಸ್ವಭಾವವನ್ನೇ ಅಳೆಯುತ್ತಾರೆ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಉತ್ತರದ ಕನ್ನಡದ ಗಟ್ಟಿ ದನಿಯನ್ನು ಮೈಸೂರಿನ ಕಡೆ ಸಿಟ್ಟು ಎಂದು ತಿಳಿಯುವುದೂ ಇದೇ ಬಗೆಯದು.

ಇಂಗ್ಲಿಷ್ ಸಂದರ್ಶನಕ್ಕೂ ಈ ಮಾತು ಸಲ್ಲುತ್ತದೆ. ಬಸ್ಸನ್ನು 'ಬಸ್ಸು' ಎನ್ನುವಂತೆ ಪದದ ಕೊನೆಗೆ ಸ್ವರ ಸೇರಿಸುವುದು ಕನ್ನಡದ ಸಹಜ ಗುಣ. ಇದನ್ನು ತುಸು ಅಭ್ಯಾಸದಿಂದ ಹತೋಟಿಗೆ ತರಬಹುದು. ವಿದೇಶಿ ಧಾಟಿಯ ಅನುಕರಣೆ ಅಗತ್ಯವಿಲ್ಲ. ನಿಧಾನವಾಗಿ, ಪದ ನುಂಗದೆ, ಎದುರಿನವರಿಗೆ ಒಂದೇ ಸಲಕ್ಕೆ ತಿಳಿಯುವಂತೆ ಮಾತಾಡಿದರೆ ಸಾಕು.

ಗಡಿ ಮಾತೇ ಅರ್ಹತೆಯಾಗುವ ಹುದ್ದೆಗಳು

ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗಳಿಗೆ ಹಾಗೂ ಕನ್ನಡ ಮಾಧ್ಯಮ ಶಿಕ್ಷಕರ ಹುದ್ದೆಗಳಿಗೆ ಕೇರಳ ಲೋಕಸೇವಾ ಆಯೋಗ ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತದೆ. ಸ್ಟೇಟ್ ಬ್ಯಾಂಕಿನ ಗುಮಾಸ್ತ ಹುದ್ದೆಗೆ ಆಯಾ ರಾಜ್ಯದ ಸ್ಥಳೀಯ ಭಾಷೆ ತಿಳಿದಿರಬೇಕು. 10 ಅಥವಾ 12ನೇ ತರಗತಿಯಲ್ಲಿ ಆ ಭಾಷೆ ಓದಿದ ಅಂಕಪಟ್ಟಿ ಇದ್ದರೆ ಭಾಷಾ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ. ಕನ್ನಡದ ಜೊತೆ ಮರಾಠಿ, ಮಲಯಾಳ, ತಮಿಳು ಅಥವಾ ತೆಲುಗನ್ನು ಒಂದು ವಿಷಯವಾಗಿ ಓದಿದವರಿಗೆ ಎರಡು ರಾಜ್ಯಗಳ ಬಾಗಿಲು ತೆರೆದಿರುತ್ತದೆ. ಆದ್ದರಿಂದ ಮಕ್ಕಳ ಭಾಷಾ ವಿಷಯಗಳನ್ನು ಆರಿಸುವಾಗ ಪಾಲಕರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು. ಇದಲ್ಲದೆ ಆಸ್ಪತ್ರೆ, ಸಾರಿಗೆ, ಮಾರುಕಟ್ಟೆ, ಅನುವಾದದ ಕೆಲಸಗಳಲ್ಲಿ ಎರಡೂ ಕಡೆಯ ಮಾತು ಬಲ್ಲವರಿಗೆ ಬೇಡಿಕೆಯಿದೆ.

ಕಲೆ, ಸಾಹಿತ್ಯದಲ್ಲಂತೂ ಗಡಿನಾಡಿನ ದಾಖಲೆ ದೊಡ್ಡದು. ಮಂಜೇಶ್ವರದ ಗೋವಿಂದ ಪೈ ಅವರ ಮನೆಮಾತು ಕೊಂಕಣಿ. ಅವರಿಗೆ 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಎಂಬ ಗೌರವ ನೀಡಿತು. ಧಾರವಾಡದ ದ.ರಾ. ಬೇಂದ್ರೆ ಅವರ ಮನೆಮಾತು ಮರಾಠಿ. ಧಾರವಾಡದ ಆಡುಮಾತನ್ನೇ ಕಾವ್ಯಕ್ಕೆ ತಂದ ಅವರು 1973ರ ಜ್ಞಾನಪೀಠ ಪ್ರಶಸ್ತಿ ಪಡೆದರು. ತಾಳವಾಡಿಯ ಗಾಜನೂರು ಮೂಲದ ಡಾ. ರಾಜ್‌ಕುಮಾರ್ ಹೆಚ್ಚು ಶಾಲೆ ಕಲಿತವರಲ್ಲ. ಗುಬ್ಬಿ ನಾಟಕ ಕಂಪನಿಯಲ್ಲಿ ಮಾತು ಪಳಗಿಸಿಕೊಂಡು 1954ರ 'ಬೇಡರ ಕಣ್ಣಪ್ಪ'ದಿಂದ ನಾಯಕನಟರಾದರು. ಮುಂದೆ ಸ್ವಚ್ಛ ಕನ್ನಡ ಉಚ್ಚಾರಕ್ಕೆ ಅವರ ಹೆಸರನ್ನೇ ಹೇಳುವಂತಾಯಿತು. ಹುಟ್ಟಿದ ಊರಿನ ಮಾತು ಅದಕ್ಕೆ ಅಡ್ಡಬರಲಿಲ್ಲ.

ನೆರೆಯ ಭಾಷೆಗಳಲ್ಲೂ ಗಾಳಿ ಬದಲಾಗಿದೆ. ಸೊಲ್ಲಾಪುರ ಸೀಮೆಯ ಹಳ್ಳಿ ಮರಾಠಿಯಲ್ಲಿ ಮಾತಾಡಿದ 'ಸೈರಾಟ್' (2016) ಮಹಾರಾಷ್ಟ್ರದಾದ್ಯಂತ ಗೆದ್ದಿತು. ಕಾಸರಗೋಡಿನ ಮಲಯಾಳದಲ್ಲಿ ಮಾತಾಡಿದ 'ನ್ನಾ ತಾನ್ ಕೇಸ್ ಕೊಡ್' (2022) ಕೇರಳದಲ್ಲಿ ಗೆದ್ದಿತು.

ಶಿಕ್ಷಕರು, ಪಾಲಕರು, ಅಭ್ಯರ್ಥಿಗಳು ಗಮನಿಸಬೇಕಾದದ್ದು

ಶಿಕ್ಷಕರು ಮೊದಲು ಉತ್ತರವನ್ನು ಒಪ್ಪಿ, ನಂತರ ಅದೇ ಉತ್ತರವನ್ನು ಶಿಷ್ಟ ರೂಪದಲ್ಲಿ ತಾವೇ ಒಮ್ಮೆ ಹೇಳಿದರೆ ಸಾಕು. ಮಗು ಕೇಳಿಸಿಕೊಂಡು ಕಲಿಯುತ್ತದೆ. ಮಾತಿನಲ್ಲಿ ಧಾಟಿಗೆ ಅವಕಾಶ ಕೊಟ್ಟು, ಬರಹದಲ್ಲಿ ಕಾಗುಣಿತಕ್ಕೆ ಬಿಗಿಯಾಗಿರುವುದು ಒಳ್ಳೆಯ ಕ್ರಮ.

ಪಾಲಕರು ಮಕ್ಕಳ ಮನೆಮಾತನ್ನು ಬಿಡಿಸುವ ಅಗತ್ಯವಿಲ್ಲ. ದಿನಕ್ಕೆ ಹತ್ತು ನಿಮಿಷ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸುವುದು, ಆಕಾಶವಾಣಿಯ ವಾರ್ತೆ ಕೇಳಿಸುವುದು ಖರ್ಚಿಲ್ಲದ ಅಭ್ಯಾಸ. ಯಕ್ಷಗಾನ, ತಾಳಮದ್ದಳೆ, ಬಯಲಾಟದ ಬಳಗ ಊರಿನಲ್ಲಿದ್ದರೆ ಉಚ್ಚಾರ ಪಳಗಲು ಅದಕ್ಕಿಂತ ಉತ್ತಮ ಶಾಲೆ ಇಲ್ಲ.

ಉದ್ಯೋಗಾಕಾಂಕ್ಷಿಗಳು ತಮ್ಮ ಪರಿಚಯದ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಬೇರೆ ಜಿಲ್ಲೆಯ ಒಬ್ಬರಿಗೆ ಕೇಳಿಸಬೇಕು. ಅವರಿಗೆ ತಿಳಿಯದ ಪದಗಳನ್ನಷ್ಟೇ ತಿದ್ದಿಕೊಂಡರೆ ಸಾಕು. ಅರ್ಜಿಯಲ್ಲಿ ಬಲ್ಲ ಭಾಷೆಗಳನ್ನೆಲ್ಲ ನಮೂದಿಸಿ, ಯಾವುದನ್ನು ಓದಲು, ಬರೆಯಲು ಬಲ್ಲಿರಿ ಎಂಬುದನ್ನೂ ತಿಳಿಸಬೇಕು. ಸಂದರ್ಶನದಲ್ಲಿ ಊರು ಯಾವುದೆಂದು ಕೇಳಿದರೆ ಮರೆಮಾಚದೆ ಹೇಳಿ, ಅಲ್ಲಿ ಎರಡು ಮೂರು ಭಾಷೆಗಳಲ್ಲಿ ವ್ಯವಹರಿಸಿ ಬೆಳೆದ ಅನುಭವವನ್ನು ತಿಳಿಸುವುದು ಲಾಭಕರ.

ಒಟ್ಟಿನಲ್ಲಿ ಶಿಷ್ಟ ಕನ್ನಡ ಗಡಿನಾಡಿನ ಮಕ್ಕಳಿಗೆ ಬೇಕೇ ಬೇಕು. ಅದು ಪರೀಕ್ಷೆಯ ಮತ್ತು ಕಚೇರಿಯ ಭಾಷೆ. ಆದರೆ ಅದನ್ನು ಮನೆಮಾತಿನ ಜಾಗದಲ್ಲಿ ಕೂರಿಸಬೇಕಿಲ್ಲ, ಮನೆಮಾತಿನ ಜೊತೆಗೆ ಸೇರಿಸಿಕೊಂಡರೆ ಆಯಿತು. ಎರಡು ಮೂರು ಭಾಷೆಗಳ ನಡುವೆ ದಿನವೂ ಓಡಾಡುವ ಜನರಿಗೆ ಇನ್ನೊಂದು ರೂಪವನ್ನು ಕಲಿಯುವುದು ಹೊಸ ಸಂಗತಿಯೇನಲ್ಲ.